ಬೆಂಗಳೂರಿಗೆ ವಿಮಾನ ಅಂದ್ರ ಬರೇ ಒಂದ ತಾಸಲ್ರೀ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಸ್ತೆ ಹಿಡದ್ರ ಸುಮಾರು 410 ಕಿ.ಮೀ., ಆಕಾಶದಾಗ ನೆಟ್ಟಗ 370ರ ಆಜೂಬಾಜು. ಟಿಕೆಟ್‌ನ್ಯಾಗ ಒಂದ ತಾಸು ಚಿಲ್ಲರೆ ಅಂತ ಇರ್ತದ. ಖರೇ ಲೆಕ್ಕ ಬ್ಯಾರೆನ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದ ತಾಸು ಮೊದಲ ಬಂದ್ ಆಗ್ತದ. ಹುಬ್ಬಳ್ಳಿ ಗೋಕುಲ ರೋಡ್ ವಿಮಾನ ನಿಲ್ದಾಣ ಊರಾಗ ಇದ್ದಂಗ, ಅದು ಛಲೋ. ಆದ್ರ ಇಳಿಯೂದು ದೇವನಹಳ್ಳಿ ಹತ್ರ. ಮೆಜೆಸ್ಟಿಕ್ ಇನ್ನೂ 35 ಕಿ.ಮೀ. ಮ್ಯಾಲ. ಹೆಬ್ಬಾಳದ ಟ್ರಾಫಿಕ್ಕಿನಾಗ ಸಿಕ್ರ ವಿಮಾನದಾಗ ಕುಂತಷ್ಟ ಹೊತ್ತು ವಾಯುವಜ್ರ ಬಸ್ಸಿನಾಗೂ ಕೂಡಬೇಕು. ಮನಿಯಿಂದ ಮನಿಗೆ ಐದು ತಾಸು ಹಿಡೀರಿ.

ಗದಗಿನವ್ರು ಇನ್ನೊಂದು ತಾಸು ಸೇರಿಸ್ರಿ. ಹಾವೇರಿಯವ್ರಂತೂ ವಿಮಾನಕ್ಕಂತ 70 ಕಿ.ಮೀ. ಉಲ್ಟಾ ಬರೂದು ಬ್ಯಾಡ, ರೈಲೇ ವಾಸಿ. ಬೆಂಗಳೂರಾಗ ಇನ್ನೊಂದು ವಿಮಾನ ಹಿಡಿಯೂದಿದ್ರ ಮಾತ್ರ ಮಾತು ಬ್ಯಾರೆ.