ರೊಟ್ಟಿ ಬಡಿಯುತ್ತಾ ಭೀಮಪಲಾಸ್

ಭಜನೆಯಲ್ಲಿ ಹಾಡುವ ಹೆಣ್ಣುಮಕ್ಕಳ ದನಿ ಒರಟು ಅನ್ನೋ ಮಾತು ನಮ್ಮ ಕಡೆ ಜಾಸ್ತಿ. ಗಂಡಸರ ಶ್ರುತಿಗೆ, ಅಂದರೆ ಅವರ ದನಿಗೆ ಹೊಂದುವ ತಗ್ಗಿನ ಸ ಸ್ವರಕ್ಕೆ, ಕೂರಿಸಿ ಹಾಡಿಸಿದರೆ ಇನ್ನೇನಾಗುತ್ತೆ? ನಮ್ಮ ಮನೆಗೆಲಸದಾಕೆಗೆ ಕಲಿಸೋಕೆ ಕೂತ ಮೇಲೆ ಇದು ನನಗೆ ಚೆನ್ನಾಗಿ ತಿಳಿಯಿತು.

ನಮ್ಮ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ. ಸಂಜೆ ಮಕ್ಕಳಿಗೆ ಹಾರ್ಮೋನಿಯಂ, ಗಾಯನ ಹೇಳಿಕೊಡುತ್ತೇನೆ. ಆಕೆ ಅದೇ ಹೊತ್ತಿಗೆ ಒಳಗೆ ಜೋಳದ ರೊಟ್ಟಿ ಬಡಿಯುತ್ತಿರುತ್ತಾಳೆ. ಒಂದು ಸಂಜೆ ಹುಡುಗನೊಬ್ಬ ಭೀಮಪಲಾಸ್ ಹಾಡುತ್ತಿದ್ದ. ಈ ರಾಗದಲ್ಲಿ ಏರುವಾಗ ರಿ, ಧ ಬರಲ್ಲ. ನಿ ಸ ಗ ಮ ಅಂತ ಹೋಗಬೇಕು, ಗ, ನಿ ಎರಡೂ ಕೋಮಲ, ಅಂದರೆ ಅರ್ಧ ಸ್ವರ ತಗ್ಗಿದವು. ಇವನು ಪ್ರತಿ ಸಲ ರಿ ಮೆಟ್ಟಿಯೇ ಗಕ್ಕೆ ಹೋಗುತ್ತಿದ್ದ. ಅಡುಗೆಮನೆಯಿಂದ ಅದೇ ಸಾಲು ಬಂತು, ರಿ ಬಿಟ್ಟು, ನೇರ ಗಕ್ಕೆ. ರೊಟ್ಟಿ ಬಡಿಯೋ ಸದ್ದು ಮಾತ್ರ ನಿಂತಿರಲಿಲ್ಲ.

"ಎಲ್ಲಿ ಕಲ್ತಿಯವ್ವಾ?" ಅಂದೆ.

"ಕಲ್ತಿಲ್ರಿ ಅಕ್ಕೋರೆ. ನಮ್ಮಪ್ಪ ಅಮಾಸಿ ಭಜನಿಗಿ ಹೋಗ್ತಿದ್ದನ್ರಿ, ಅವನ ಸಂಗಟ ಕುಂತು ಕುಂತು ಬಂದದ. ನಮ್ಮೂರಾಗ ಎಲ್ಲಾರಿಗೂ ಗೊತ್ತದ."

ಹೌದು, ಊರಿಗೆಲ್ಲ ಗೊತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಆಕೆಯದು ಜೇವರ್ಗಿ ಕಡೆಯ ಹಳ್ಳಿ. ಕಡಕೋಳ ಮಡಿವಾಳಪ್ಪ, ಅವರ ಶಿಷ್ಯ ಚನ್ನೂರ ಜಲಾಲಸಾಹೇಬ, ಇವರ ತತ್ವಪದಗಳನ್ನು ಅಮಾವಾಸ್ಯೆಗೆ ರಾತ್ರಿಯಿಡೀ ಹಾಡುವ ಸೀಮೆ ಅದು. ರಾಗದ ಹೆಸರು ಗೊತ್ತಿಲ್ಲದಿದ್ದರೂ ರಾಗದ ನಡೆ ಅಲ್ಲಿಯ ಕಿವಿಗಳಿಗೆ ಗೊತ್ತಿರುತ್ತೆ.

ಮರುದಿನ ಒಂದು ಪದ ಪೂರ್ತಿ ಹಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಸ್ವರ ಗಟ್ಟಿ, ತಾಳ ಗಟ್ಟಿ. ಆದರೆ ಕೆಳಗಿನ ಸ್ವರಗಳಲ್ಲಿ ದನಿ ಗಂಟಲಿನಲ್ಲೇ ಉಳಿಯುತ್ತಿತ್ತು. ಹಾರ್ಮೋನಿಯಂ ಹಿಡಿದು ನೋಡಿದೆ, ಆಕೆಯ ಸ ಕಪ್ಪು ಎರಡು, ಅಂದರೆ ಸಪ್ತಕದ ಎರಡನೇ ಕಪ್ಪು ಕೀ. ಅವರಪ್ಪನ ಭಜನಾ ಮೇಳದ ಶ್ರುತಿ! ಕಪ್ಪು ಮೂರಕ್ಕೆ ಏರಿಸಿದೆ, ಸ್ವಲ್ಪ ಹಗುರಾಯಿತು. ಕಪ್ಪು ನಾಲ್ಕಕ್ಕೆ ಬಂದಾಗ ಅದೇ ಪದ, ಅದೇ ಹೆಣ್ಣು, ದನಿ ಮಾತ್ರ ಬೇರೆ. ಆಕೆಗೇ ನಗು ಬಂತು. "ಇದು ನನ್ ದನಿ ಏನ್ರಿ?" ಅಂತ ಮೊಬೈಲನ್ನು ಕಿವಿಗೆ ಹಿಡಿದು ಮತ್ತೆ ಮತ್ತೆ ಕೇಳಿದಳು.

ಆಕೆಗೆ ಓದು ಬರೆಹ ಬರಲ್ಲ, ಹಾಗಾಗಿ ನೋಟ್‌ಬುಕ್ ಇಡಲಿಲ್ಲ. ಅಲಂಕಾರ ಅನ್ನೋ ಸ್ವರಾಭ್ಯಾಸದ ಪಾಠಗಳಿಂದಲೂ ಶುರು ಮಾಡಲಿಲ್ಲ. ಬರುವ ಪದದ ಒಂದೊಂದು ಸಾಲನ್ನೇ ಸರಿಗಮದಲ್ಲಿ ಹೇಳಿಸಿದೆ. ಬಾಯಲ್ಲಿ ಮೊದಲೇ ಇದ್ದ ಸ್ವರಕ್ಕೆ ಹೆಸರು ಅಂಟಿಸೋದು ಅಷ್ಟೇ ಕೆಲಸ. ತಂಬೂರಿ ಆ್ಯಪ್ ಹಾಕಿ ಬರೀ ಸ ಹಿಡಿದು ನಿಲ್ಲುವುದನ್ನು ದಿನಾ ಮಾಡಿಸಿದೆ. ಭಜನೆಯಲ್ಲಿ ತಾಳ, ದಮ್ಮಡಿ ಸದ್ದಿಗೆ ದನಿ ಎತ್ತಿ ಎತ್ತಿ ರೂಢಿಯಾಗಿತ್ತು. ಮೆಲ್ಲಗೆ ಹಾಡೋದು ಆಕೆಗೆ ಎಲ್ಲಕ್ಕಿಂತ ಕಷ್ಟವಾಯಿತು. ಈಗಲೂ ಪೂರ್ತಿ ಬಂದಿಲ್ಲ.

ಒಂದು ವಿಷಯ ಮೊದಲೇ ಮಾತಾಡಿಕೊಂಡೆವು. ಪಾಠ ಕೆಲಸದ ಹೊತ್ತಿನಲ್ಲೇ, ಸಂಬಳಕ್ಕೆ ಕತ್ತರಿ ಇಲ್ಲ. ಇನ್ನೂ ನಾಕು ಮನೆ ಮುಗಿಸಿ ಹೋಗಬೇಕಾದವಳಿಗೆ "ಕೆಲಸ ಮುಗಿದ ಮೇಲೆ ಕೂತ್ಕೋ" ಅನ್ನೋಕೆ ಆಗುತ್ತಾ? ಪಾಠದ ದಿನ ಪಾತ್ರೆ ನಾನೇ ತೊಳೆಯುತ್ತೇನೆ. ಇನ್ನು ಮನೆಗೆ ಬಂದ ನೆಂಟರ ಮುಂದೆ "ಒಂದು ಹಾಡು ಹೇಳು" ಅಂತ ನಾನು ಕರೆಯೋದಿಲ್ಲ. ಅದೂ ಒಂದು ಥರ ಬಿಟ್ಟಿ ಚಾಕರಿಯೇ ಅಲ್ವಾ?

ಕಪ್ಪು ನಾಲ್ಕನ್ನು ಊರ ಭಜನೆಗೆ ಒಯ್ಯುವ ಯೋಚನೆ ಆಕೆಯದೇ. ಪೆಟ್ಟಿಗೆ (ಹಾರ್ಮೋನಿಯಂ) ನುಡಿಸುವ ಕಾಕಾ ಮೊದಲು ಒಪ್ಪಲಿಲ್ಲವಂತೆ. "ತಬಲಾ ಕಪ್ಪು ಎರಡಕ್ಕೆ ಕೂಡ್ಯಾದ, ಈಗೆಲ್ಲಿ ಬದಲ್ ಮಾಡ್ಲಿ?" ಅಂದರಂತೆ. ಅದಕ್ಕೆ ಉತ್ತರವನ್ನು ಇಲ್ಲಿಂದಲೇ ಹೇಳಿ ಕಳಿಸಿದ್ದೆ: ಕಪ್ಪು ನಾಲ್ಕು ಸ ಆದರೆ ಕಪ್ಪು ಎರಡು ಅದರ ಪಂಚಮ, ಅಂದರೆ ಪ; ತಬಲಾ ಹಾಗೇ ನಡೆಯುತ್ತೆ. ಭೀಮಪಲಾಸಿನಲ್ಲಿ ಪಂಚಮ ಇದ್ದೇ ಇದೆ. ತೊಂದರೆ ಇದ್ದದ್ದು ಕಾಕಾನ ಬೆರಳಿಗೆ. ಕಪ್ಪು ಎರಡರಲ್ಲೇ ಕೈ ಪಳಗಿದೆ, ಹೊಸ ಶ್ರುತಿಯಲ್ಲಿ ತಡವರಿಸುತ್ತೆ. ಈಗ ಗಂಡಸರ ಪದಗಳೆಲ್ಲ ಮೊದಲು, ಆಮೇಲೆ ಈಕೆಯವು. ಕಾಕಾ ಒಂದು ವಾರ ಮುಂಚೆಯೇ ಯಾವ ಪದ ಅಂತ ಫೋನ್ ಮಾಡಿ ಕೇಳಿಕೊಳ್ಳುತ್ತಾರೆ.