ಪಾವಟೆಯವರ ಹದಿಮೂರು ವರ್ಷ: ತಿಂಗಳಿಗೊಂದು ಚೀಟಿ

ದಾದಪ್ಪ ಚಿಂತಪ್ಪ ಪಾವಟೆಯವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ (ವೈಸ್ ಚಾನ್ಸಲರ್) ಆಗಿದ್ದದ್ದು 1954ರಿಂದ 1967ರವರೆಗೆ. ಹುಟ್ಟೂರು ಮಮದಾಪುರ, ಓದಿದ ಕೇಂಬ್ರಿಜ್, ಅಲ್ಲಿ ಗಣಿತದಲ್ಲಿ ಮೊದಲ ದರ್ಜೆಯವರಿಗೆ ಸಿಗುವ ರ‍್ಯಾಂಗ್ಲರ್ ಪದವಿ, ಇವೆಲ್ಲ ನಿಮಗೆ ಗೊತ್ತಿರುವುದೇ. ತೊಡಕು ಇರುವುದು ಈ ಹದಿಮೂರು ವರ್ಷದಲ್ಲಿ. ಅವರ ಜೀವನಚರಿತ್ರೆಯ ಈ ಭಾಗವನ್ನು ವಿಷಯವಾರು ಎರಡು ಸಲ ಬರೆದೆ, ಎರಡೂ ಸಲ ಕೆಟ್ಟಿತು: ಒಂದೇ ಸಂಗತಿ ಮೂರು ಅಧ್ಯಾಯದಲ್ಲಿ ಮೂರು ಇಸವಿ ಹೊತ್ತು ಕೂತಿತ್ತು. ಆಮೇಲೆ ತಿಂಗಳಿಗೊಂದು ಚೀಟಿ ಮಾಡಿದೆ. ‘ಇದೇನು ಪಂಚಾಂಗವೇ?’ ಎಂದು ನಕ್ಕವರೇ ಹೆಚ್ಚು. ನೂರೈವತ್ತರ ಆಸುಪಾಸು ಚೀಟಿ, ಎರಡು ಚಪ್ಪಲಿ ಡಬ್ಬಿ. ವಾರದೊಳಗೆ ಕಂಡಿತು: 1964ರಿಂದಾಚೆ ಚೀಟಿಗಳೆಲ್ಲ ಬೋಳು. ಅವರ ನೆನಪುಗಳ ಪುಸ್ತಕ ಅಚ್ಚಾದದ್ದು ಅದೇ ವರ್ಷ. ನಾನೂ ಅದನ್ನೇ ಅಗೆಯುತ್ತಿದ್ದೆ. ಆ ಬೋಳು ಎಲ್ಲಿಂದ ತುಂಬಿತು ಅನ್ನುವುದು ಸದ್ಯಕ್ಕೆ ಡಬ್ಬಿಯೊಳಗೇ ಇರಲಿ.

ದುಡ್ಡು ಹೋದದ್ದು ಜೆರಾಕ್ಸ್‌ಗೆ, ಆರು ಸಾವಿರದ ಹತ್ತಿರ. ದಪ್ಪ ಬೈಂಡಿನ ಸಂಪುಟಗಳಲ್ಲಿ ಹೊಲಿಗೆಯ ಪಕ್ಕದ ಎರಡು ಮೂರು ಅಕ್ಷರ ಕಪ್ಪಾಗಿಬಿಡುತ್ತವೆ. ಅರ್ಧ ಹಾಳೆ ದಂಡ. ಆಮೇಲೆ ಮೊಬೈಲಿನಲ್ಲೇ, ಕಿಟಕಿಯ ಬೆಳಕಿನಲ್ಲಿ. ಚಿತ್ರದಿಂದ ಅಕ್ಷರ ಓದುವ ಓಸಿಆರ್ ಕೂಡ ಹಾಕಿ ನೋಡಿದೆ. ಹಳೆಯ ಅಚ್ಚುಮೊಳೆಯ ಒತ್ತಕ್ಷರ ಕಂಡರೆ ಅದು ಎಡವುತ್ತದೆ. ಬಿಟ್ಟೆ.

ಲೆಕ್ಕ ತೆಗೆಯುವಾಗ ಜೋಕೆ. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅದಕ್ಕೂ ಮುಂಚಿನ ರೂಪಾಯಿ-ಆಣೆ-ಪೈ ಲೆಕ್ಕದ 12-8-0 ಅಂದರೆ ಹನ್ನೆರಡೂವರೆ ರೂಪಾಯಿ. ಅದನ್ನು 12.80 ಎಂದು ಟೈಪು ಮಾಡಿದರೆ ಮೊತ್ತ ತಾಳೆಯಾಗುವುದಿಲ್ಲ. ನನಗೆ ನಾಲ್ಕು ದಿನ ಅದರಲ್ಲೇ ಹೋಯಿತು. ‘1955-56’ ಎಂಬ ವರದಿಯಲ್ಲಿ ಸಿಕ್ಕ ಸಂಗತಿಯನ್ನೂ ಒಂದೇ ಇಸವಿಗೆ ಕಟ್ಟಬೇಡಿ, ತಿಂಗಳು ಸಿಗುವವರೆಗೆ ಚೀಟಿಯ ಮೂಲೆಯಲ್ಲಿ ಪೆನ್ಸಿಲ್ ಗುರುತು ಸಾಕು.

ಹುಡುಕುವ ಪದವೂ ಕೈಕೊಡುತ್ತದೆ. ಆಗಿನ ಬರಹಗಳಲ್ಲಿ ವೈಸ್ ಚಾನ್ಸಲರ್ ಎಂದರೆ ಬಹುಮಟ್ಟಿಗೆ ‘ಉಪಕುಲಪತಿ’. ಬರೀ ‘ಕುಲಪತಿ’ ಎಂದು ಕಂಡರೆ ಅದು ಚಾನ್ಸಲರ್ ಆಗಿದ್ದ ರಾಜ್ಯಪಾಲರೂ ಆಗಿರಬಹುದು.

ತಾರೀಖಿಲ್ಲದ ಘಟಿಕೋತ್ಸವದ ಫೋಟೋಗಳಿಗೆ, ರಾಜ್ಯಪಾಲರು ಕೂರುವ ನಡುವಿನ ಕುರ್ಚಿ ನೋಡುವುದು ನನ್ನ ಕ್ರಮ. ಅಲ್ಲಿ ಮೈಸೂರು ರಾಜ್ಯಪಾಲರಾಗಿ ಜಯಚಾಮರಾಜ ಒಡೆಯರ್ ಇದ್ದರೆ 1956ರ ನವೆಂಬರ್‌ನಿಂದ 1964ರ ಮೇ ಒಳಗೆ, ವಿ.ವಿ. ಗಿರಿ ಇದ್ದರೆ 1965-67. ಏಕೀಕರಣಕ್ಕೆ ಮುಂಚೆ ಆ ಜಾಗ ಮುಂಬೈ ರಾಜ್ಯಪಾಲರದು, ವಿಶ್ವವಿದ್ಯಾಲಯ ಹುಟ್ಟಿದ್ದೇ 1949ರಲ್ಲಿ ಮುಂಬೈ ಪ್ರಾಂತ್ಯದ ಕಾಯ್ದೆಯಿಂದ. ಇದರಿಂದ ಹದಿನೈದಿಪ್ಪತ್ತು ಫೋಟೋ ತಾವಾಗಿ ಡಬ್ಬಿಗೆ ಬಿದ್ದವು. ಆದರೆ ಘಟಿಕೋತ್ಸವ ಹೌದೋ ಅಲ್ಲವೋ ಎಂದು ಗೌನು ನೋಡಿಯೇ ಬರೆದುಕೊಳ್ಳಿ, ಬೇರೆ ಸಮಾರಂಭಕ್ಕೆ ಅತಿಥಿಯಾಗಿ ಬಂದವರಿಗೂ ಅದೇ ಕುರ್ಚಿ.

1967ರಿಂದ 1973ರವರೆಗೆ ಅವರು ಪಂಜಾಬಿನ ರಾಜ್ಯಪಾಲರು. ಅದಕ್ಕೆ ಹಳದಿ ಚೀಟಿ, ಬೇರೆ ಡಬ್ಬಿ. ಇನ್ನೂ ಕಾಲುಭಾಗ ತುಂಬಿಲ್ಲ.