ಸಂಘ ಹತ್ತಾದರೂ ಇರಲಿ, ನಕ್ಷೆ ಒಂದೇ ಇರಲಿ: ಹಾಡಿಗಳನ್ನು ಕೂಡಿಸಿದ ನನ್ನ ಅನುಭವ

"ನಿಮ್ಮವರು ಒಂದಾಗೋದು ಉಂಟಾ?" ಎಂದು ನಕ್ಕವರೇ ಈಗ ಫೋನ್ ಮಾಡಿ, ಕಾಡಿನ ಹಕ್ಕು ಕೇಳಲು ಇಷ್ಟು ಹಾಡಿಗಳನ್ನು (ಕಾಡಂಚಿನ ಆದಿವಾಸಿ ಊರುಗಳನ್ನು) ಹೇಗೆ ಕೂಡಿಸಿದಿರಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕುವ ನಮೂನೆಗಳ ವಿವರಕ್ಕೆ ಇಲ್ಲಿ ಹೋಗಲ್ಲ.

ಗುಂಡ್ಲುಪೇಟೆಯಿಂದ ಎಚ್.ಡಿ. ಕೋಟೆವರೆಗೆ ಕಾಡಂಚಿನಲ್ಲಿ ನಾವು ಸೋಲಿಗರಿದ್ದೇವೆ. ಜೇನುಕುರುಬರು, ಕಾಡುಕುರುಬರು ಇದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಸಂಘ, ಒಬ್ಬೊಬ್ಬ ಲೀಡರ್. ಕೇಳುವುದು ಒಂದೇ ಕಾಡಿನ ಹಕ್ಕು, ಹೋಗುವುದು ಮಾತ್ರ ಬೇರೆ ಬೇರೆ ದಿನ. ಕಚೇರಿಯವರಿಗೆ ಇನ್ನೇನು ಬೇಕು?

ಹೊರಗಿನ ಸಂಸ್ಥೆಯೊಂದು ಒಕ್ಕೂಟ ಮಾಡಿಸಿತ್ತು. ನೋಂದಣಿ, ಬೈಲಾ, ಶಾಮಿಯಾನ, ಊಟ, ಜೀಪು ಸೇರಿ 40 ಸಾವಿರದ ಮೇಲೆ ಹೋಯಿತು. ಅಧ್ಯಕ್ಷ ಯಾರು ಅನ್ನುವಲ್ಲಿಗೆ ಮುರಿಯಿತು. ಪಂಚಾಯ್ತಿ ಚುನಾವಣೆ ಬಂದ ಮೇಲಂತೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಾನು ಅಧ್ಯಕ್ಷನ ಕುರ್ಚಿಯನ್ನೇ ತೆಗೆದುಬಿಟ್ಟೆ. ಸಂಘಗಳ ಹೆಸರು, ಬ್ಯಾನರ್ ಹಾಗೇ ಇರಲಿ. ಹಾಡಿಗೆ ಇಬ್ಬರು, ಯಜಮಾನ ಮತ್ತು ಒಬ್ಬ ಹೆಂಗಸು. ಕೂಡಿ ಮಾಡುವುದು ಒಂದೇ ಕೆಲಸ, ಗಡಿ ನಕ್ಷೆ. ಎರಡು ಗ್ರಾಮಸಭೆ ಗಡಿಗೆ ಜಗಳವಾಡಿದರೆ ಅದು ಹಕ್ಕಿನ ಅರ್ಜಿ ನೋಡುವ ಸರ್ಕಾರದ ಉಪವಿಭಾಗ ಸಮಿತಿಗೆ ಹೋಗುತ್ತದೆ. ಅಲ್ಲಿ ಕೂತ ಫೈಲು ಬೇಗ ಏಳಲ್ಲ. ಅದಕ್ಕೆ ಜೇನುಮರ ಯಾವ ಹಾಡಿಗೆ ಸೇರಿದ್ದು ಅನ್ನುವ ಜಗಳವನ್ನು ಮೊದಲೇ ನಾವೇ ಮುಗಿಸಿ, ಎರಡೂ ಹಾಡಿಯವರು ಒಂದೇ ನಕ್ಷೆಗೆ ಹೆಬ್ಬೆಟ್ಟು ಒತ್ತಿದರು. ವರ್ಷಗಟ್ಟಲೆ ಮಾತು ಬಿಟ್ಟ ಇಬ್ಬರು ಯಜಮಾನರನ್ನು ಹೇಗೆ ಕೂರಿಸಿದೆ ಅಂತ ಇಲ್ಲಿ ಬರೆಯಲ್ಲ. ಎದುರು ಸಿಕ್ಕರೆ ಹೇಳುತ್ತೇನೆ.

ದಾರಿ ತೋರಿಸಿದ್ದು ಬಿಳಿಗಿರಿರಂಗನ ಬೆಟ್ಟದ ನಮ್ಮವರು. 2011ರಲ್ಲಿ ಅಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ 25 ಗ್ರಾಮಸಭೆಗೆ ಸಮುದಾಯ ಹಕ್ಕೂ (ಒಬ್ಬೊಬ್ಬರಿಗಲ್ಲ, ಊರಿಗೇ ಸೇರಿದ ಕಾಡಿನ ಹಕ್ಕು) ಸಿಕ್ಕಿತು. ದೇವರು, ಮಾರಮ್ಮ, ವೀರು, ಕಲ್ಲುಗುಡಿ (ಸಮಾಧಿ ಕಲ್ಲು), ಅಬ್ಬಿ (ನೀರಿನ ಸೆಲೆ) ಹೀಗೆ ತಾವು ಪವಿತ್ರವೆಂದು ನಂಬುವ ಜಾಗಗಳನ್ನೆಲ್ಲ ಅವರು ನಕ್ಷೆಗೆ ಏರಿಸಿದ್ದರು. ಪೂಜೆಯ ಜಾಗ, ಸಮಾಧಿ, ಹಿರಿಯರ ಹೇಳಿಕೆ ಎಲ್ಲವೂ ನಿಯಮದಲ್ಲಿ ಪುರಾವೆಯೇ ಅಲ್ವಾ?

ನಡುವೆ ಫೋನಿನ ಜಿಪಿಎಸ್‌ನಲ್ಲೇ ನಕ್ಷೆ ಮಾಡುವ ಹುಚ್ಚೂ ಹಿಡಿದಿತ್ತು. ಫೋನು ಮಧ್ಯಾಹ್ನಕ್ಕೇ ಸತ್ತುಹೋಗೋದು. ಆಮೇಲೆ ಬಯಲಲ್ಲಿ ರಂಗೋಲಿ ಪುಡಿಯಲ್ಲಿ ಹಳ್ಳ ಎಳೆದು, ಕಲ್ಲಿಟ್ಟು ದೇವರ ಜಾಗ ತೋರಿಸಿದೆವು. ಗೆಡ್ಡೆಗೆಣಸು ಅಗೆಯುವ ಜಾಗ ಗಂಡಸರು ಅರ್ಧ ಬಿಟ್ಟಿದ್ದರು, ಹೆಂಗಸರು ಬಂದು ತುಂಬಿದರು. ಮರ ಹತ್ತಿ ಮೇಲಿಂದ ಆ ನಕ್ಷೆಯ ಫೋಟೊ ತೆಗೆದೆವು. ಜಿಪಿಎಸ್ ಗಡಿಯ ಮೂಲೆಗಳಿಗೆ ಮಾತ್ರ. ಸಭೆಯ ಸುದ್ದಿಗೆ ವಾಟ್ಸಾಪ್ ವಾಯ್ಸ್ ಮೆಸೇಜ್. ಪತ್ರ ಕಳಿಸಿದರೆ ಯಾರು ಓದುತ್ತಾರೆ?

ದುಡ್ಡಿನ ವಿಷಯ. ಬಸ್ ಚಾರ್ಜು ಅವರವರದೇ. ಇದಕ್ಕೇ ಜಾಸ್ತಿ ಗಲಾಟೆ ಆಯಿತು, ನಾನು ಬಗ್ಗಲಿಲ್ಲ. ಕೈಯಿಂದ ಹಾಕಿದವನು ಮುಂದಿನ ಸಭೆಗೂ ಬರುತ್ತಾನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ಟೇ ಇಲ್ಲ. ಹಾಗಾಗಿ ಸಭೆಗೆ ಅವರೇ ಜಾಸ್ತಿ ಬರತೊಡಗಿದರು. ತಾಲ್ಲೂಕಿನ ಸಭೆ ಕಂಡವರು ಹಾಡಿಯ ಗ್ರಾಮಸಭೆ ತಪ್ಪಿಸುವುದಿಲ್ಲ. ಕೋರಂಗೆ (ಸಭೆ ನಡೆಯಲು ಬೇಕಾದಷ್ಟು ಹಾಜರಿ) ಬೇಕಾದ ಮೂರನೇ ಒಂದು ಪಾಲು ಮಹಿಳೆಯರು ತಾನಾಗಿ ತುಂಬಿತು. ಝೆರಾಕ್ಸು, ಟೀ, ನಕ್ಷೆ ಪ್ರಿಂಟು ಎಲ್ಲ ಸೇರಿ 12-13 ಸಾವಿರ ಆಗಿರಬೇಕು.

ಉಪವಿಭಾಗ ಸಮಿತಿಯ ಮುಂದೆ ಮೂರೂ ಸಮುದಾಯದವರು ಒಂದೇ ದಿನ, ಒಂದೇ ನಕ್ಷೆ ಹಿಡಿದು ನಿಂತೆವು. ಸಮುದಾಯ ಹಕ್ಕಿನ ಅರ್ಜಿಗಳು ಅದರ ಮೇಲಿನ ಜಿಲ್ಲಾ ಸಮಿತಿಗೆ ಹೋದವು. ವೈಯಕ್ತಿಕ ಅರ್ಜಿ ಕೆಲವು ತಿರಸ್ಕಾರವಾಗಿವೆ. ಕಾರಣ ಬರೆಸಿಕೊಂಡಿದ್ದೇವೆ. ಮೇಲ್ಮನವಿಗೆ 60 ದಿನ ಇದೆ, ಎಲ್ಲ ಹಾಡಿಯವರೂ ಒಟ್ಟಿಗೆ ಕೂತು ಬರೆಯುತ್ತಿದ್ದೇವೆ. ಮೊನ್ನೆ ಇನ್ನೊಂದು ಆದಿವಾಸಿ ಸಮುದಾಯವಾದ ಯರವರ ಹಾಡಿಯವರೂ ಸೇರುತ್ತೇವೆ ಅಂದರು. ಬನ್ನಿ, ಬಸ್ ಚಾರ್ಜು ಮಾತ್ರ ನಿಮ್ಮದೇ ಅಂದಿದ್ದೇನೆ.